ಅಬ್ಬಿ ನೀರಿನ ಪೈಪಿಗೆ ಹೊಸ ದಾರಿ: ಟೇಪು, ದಿಕ್ಸೂಚಿ, ಒಂದಿಷ್ಟು ಸೈನ್-ಕಾಸ್

ನಮ್ಮ ಮನೆಗೆ ಅಬ್ಬಿ ನೀರು. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಗುಡ್ಡದ ಬುಡದಲ್ಲಿ ಮನೆ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೇಲೆ ಕಾಡಿನಲ್ಲಿ ಒಂದು ಒರತೆ, ಅದಕ್ಕೆ ಸಣ್ಣದೊಂದು ಕಲ್ಲಿನ ಕಟ್ಟೆ, ಅಲ್ಲಿಂದ ಪೈಪು, ಕೆಳಗೆ ಮನೆ ಹಿಂದೆ ತೊಟ್ಟಿ. ಕರೆಂಟು ಬೇಡ, ಪಂಪು ಬೇಡ. ಅಜ್ಜನ ಕಾಲದಲ್ಲಿ ಅಡಿಕೆ ದಂಬೆಯಲ್ಲಿ ಹರಿದು ಬರುತ್ತಿತ್ತು, ಅಪ್ಪಯ್ಯನ ಕಾಲಕ್ಕೆ ಕರಿ ಪೈಪು ಬಂತು.

ಕಳೆದ ಮಳೆಗಾಲದಲ್ಲಿ ಆ ಪೈಪಿನ ಮೇಲೆ ಒಂದು ಮತ್ತಿ ಮರ ಬಿತ್ತು. ಎರಡು ಕಡೆ ಒಡೆಯಿತು. ಜೋಡಿಸಿ ಹೇಗೋ ದೀಪಾವಳಿವರೆಗೆ ನಡೆಸಿದೆವು. ಆಮೇಲೆ ಹಳೆ ಪೈಪು ತಾನಾಗಿಯೇ ಸೀಳತೊಡಗಿತು. ಒಂದು ಕಡೆ ಕಟ್ಟಿದರೆ ಇನ್ನೊಂದು ಕಡೆ ಚಿಮ್ಮುತ್ತಿತ್ತು. ಏಪ್ರಿಲ್‌ನಲ್ಲಿ, ಮಳೆ ಹಿಡಿಯುವ ಮೊದಲು, ಪೂರ್ತಿ ಬದಲಿಸುವುದೇ ಸರಿ ಅಂತ ತೀರ್ಮಾನ ಆಯಿತು.

ಎಷ್ಟು ಪೈಪು ತರಬೇಕು, ಯಾವ ದಾರಿಯಲ್ಲಿ ಎಳೆಯಬೇಕು ಅನ್ನುವುದು ಮೊದಲು ಗೊತ್ತಾಗಬೇಕಿತ್ತು. ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುತ್ತಾರೆ, ಕತ್ತರಿಸಿದ್ದನ್ನು ವಾಪಸ್ ತಗೊಳ್ಳುವುದಿಲ್ಲ. ಇನ್ನು ದಾರಿ. ಹಳೆ ಪೈಪು ನೇರ ಹೋಗಿರಲಿಲ್ಲ. ಮೇಲಿನ ಅರ್ಧದಲ್ಲಿ ದೊಡ್ಡ ಬಿದಿರು ಮೆಳೆ ಇತ್ತು, ಅದನ್ನು ಬಳಸಿಕೊಂಡು ದಕ್ಷಿಣದ ಕಡೆಯಿಂದ ಸುತ್ತು ಹಾಕಿಸಿದ್ದರು. ಆ ಬಿದಿರು ಕೆಲವು ವರ್ಷದ ಹಿಂದೆ ಹೂ ಬಿಟ್ಟು, ಅಕ್ಕಿ ಉದುರಿಸಿ, ಸತ್ತುಹೋಯಿತು. ಈಗ ಅಲ್ಲಿ ಬರೀ ಲಂಟಾನ ಪೊದೆ. ಹಾಗಾದರೆ ನೇರ ಹೋಗಬಹುದಲ್ವಾ? ಹೋದರೆ ಎಷ್ಟು ಉಳಿಯುತ್ತದೆ? ಪೊದೆಯ ಈಚೆ ನಿಂತರೆ ಅಬ್ಬಿ ಕಾಣುವುದೇ ಇಲ್ಲ, ಟೇಪು ಎಳೆಯುವ ಮಾತು ದೂರ. ಫೋನಿನ ಜಿಪಿಎಸ್ ಹಾಕಿ ನೋಡಿದೆ. ಮರದ ಕೆಳಗೆ ನಿಂತ ಜಾಗದಲ್ಲೇ ಚುಕ್ಕೆ ಏಳೆಂಟು ಮೀಟರ್ ಓಡಾಡುತ್ತಿತ್ತು. ಈ ಕೆಲಸಕ್ಕೆ ಅದು ಆಗುವುದಿಲ್ಲ.

ಮಗಳು ಆಗಷ್ಟೇ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿ ಮನೆಯಲ್ಲಿದ್ದಳು. "ಅಪ್ಪ, ಎರಡು ಬಿಂದುವಿನ ನಿರ್ದೇಶಾಂಕ ಗೊತ್ತಿದ್ದರೆ ಮಧ್ಯೆ ನಡೆಯುವುದೇ ಬೇಡ, ದೂರ ಸೂತ್ರ ಹಾಕಿದರೆ ಆಯ್ತು" ಅಂದಳು. ಸರಿ, ಆದರೆ ನಿರ್ದೇಶಾಂಕ, ಅಂದರೆ ಮೂಲಬಿಂದುವಿನಿಂದ ಪೂರ್ವಕ್ಕೆ ಇಷ್ಟು, ಉತ್ತರಕ್ಕೆ ಇಷ್ಟು ಅನ್ನುವ ಜೋಡಿ ಸಂಖ್ಯೆ, ಎಲ್ಲಿಂದ ತರುವುದು? ಪುಸ್ತಕದಲ್ಲಿ (3, 4) ಅಂತ ಕೊಟ್ಟಿರುತ್ತಾರೆ. ಗುಡ್ಡದಲ್ಲಿ ಯಾರೂ ಬರೆದಿಟ್ಟಿಲ್ಲ. ಅದನ್ನು ಹುಟ್ಟಿಸುವುದಕ್ಕೆ ಸೈನ್, ಕಾಸ್ ಬೇಕು. ಪರೀಕ್ಷೆಗೆ ಬೇರೆ ಬೇರೆ ಅಧ್ಯಾಯವಾಗಿ ಓದಿದ ಎರಡು ಪಾಠ ಇಲ್ಲಿ ಒಂದೇ ಕೆಲಸದ ಎರಡು ಕೈ. ನನಗೆ ಈ ಕೆಲಸದಲ್ಲಿ ತುಂಬ ಹಿಡಿಸಿದ್ದು ಇದೇ.

ಉಪಾಯ ಸರ್ವೆಯವರು ಮಾಡುವಂಥದ್ದೇ. ಮನೆ ತೊಟ್ಟಿಯನ್ನು ಮೂಲಬಿಂದು ಅಂದುಕೊಳ್ಳುವುದು. ಅಲ್ಲಿಂದ ಕಾಣುವಷ್ಟು ದೂರಕ್ಕೆ ಒಂದು ಗೂಟ, ಆ ಗೂಟದಿಂದ ಇನ್ನೊಂದು, ಹೀಗೆ ಅಬ್ಬಿವರೆಗೆ. ಪ್ರತಿ ತುಂಡಿಗೂ ಮೂರೇ ಅಳತೆ: ಟೇಪಿನಲ್ಲಿ ಉದ್ದ, ಏರಿನ ಕೋನ, ದಿಕ್ಕು.

ಟೇಪು ಇತ್ತು, 30 ಮೀಟರಿನದು, ಫೈಬರ್. ದಿಕ್ಸೂಚಿಯನ್ನು ಪೇಟೆಯಿಂದ ತಂದೆ, ಒಳಗೆ ಎಣ್ಣೆ ತುಂಬಿರುತ್ತದಲ್ಲ ಅಂಥದ್ದು. ಎಣ್ಣೆ ಇದ್ದರೆ ಮುಳ್ಳು ಬೇಗ ನಿಲ್ಲುತ್ತದೆ. ಕೋನ ಅಳೆಯುವ ಹಲಗೆಯನ್ನು ಮಾತ್ರ ಮನೆಯಲ್ಲೇ ಮಾಡಿದೆವು. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾರು ಬೇಕಾದರೂ ಮಾಡಿಕೊಳ್ಳಬಹುದು.

ಜಾಮಿಟ್ರಿ ಬಾಕ್ಸಿನ ಕೋನಮಾಪಕಕ್ಕೆ ದಾರ ಕಟ್ಟಿಯೂ ಅಳೆಯಬಹುದು. ಆದರೆ ಅದರಲ್ಲಿ ಒಂದು ಡಿಗ್ರಿ ಅಂದರೆ ಒಂದು ಮಿಲಿಮೀಟರಿಗಿಂತ ಕಡಿಮೆ ಜಾಗ, ದಾರವೇ ಅಷ್ಟು ದಪ್ಪ ಇರುತ್ತದೆ. ದೊಡ್ಡದು ಬೇಕು. ಎಷ್ಟು ದೊಡ್ಡದು? ಒಂದು ಡಿಗ್ರಿಗೆ ಸರಿಯಾಗಿ 5 ಮಿಲಿಮೀಟರ್ ಸಿಗಬೇಕು ಅಂದುಕೊಂಡೆವು. ಹಾಗಾದರೆ ಪೂರ್ತಿ ಸುತ್ತು 360 ಗುಣಿಲೆ ಅರ್ಧ ಸೆಂಟಿಮೀಟರ್, ಅಂದರೆ 180 ಸೆಂಟಿಮೀಟರ್. ಅದನ್ನು 2 ಪೈನಿಂದ ಭಾಗಿಸಿದರೆ ತ್ರಿಜ್ಯ 28.65 ಸೆಂಟಿಮೀಟರ್. ಉಳಿದಿದ್ದ ಪ್ಲೈವುಡ್ ತುಂಡಿನಲ್ಲಿ ಆ ತ್ರಿಜ್ಯದ ಕಾಲು ವೃತ್ತ ಎಳೆದು, ದರ್ಜಿ ಟೇಪನ್ನು ಆ ಕಮಾನಿನ ಮೇಲೆ ಬಗ್ಗಿಸಿ ಇಟ್ಟು, ಪ್ರತಿ ಅರ್ಧ ಸೆಂಟಿಮೀಟರಿಗೆ ಒಂದು ಗೆರೆ ಹಾಕಿದೆವು. ಕೋನಮಾಪಕ ಮುಟ್ಟಲೇ ಇಲ್ಲ. ಎರಡು ಗೆರೆ ಮಧ್ಯೆ ಅರ್ಧ ಡಿಗ್ರಿಯನ್ನು ಕಣ್ಣಳತೆಯಲ್ಲೇ ಓದಬಹುದು.

ಇದೇ ಉಪಾಯವನ್ನು ಆರ್ಯಭಟ ಕ್ರಿ.ಶ. 499ರ ಹೊತ್ತಿಗೇ ಮಾಡಿದ್ದ. ಅವನ ಜ್ಯಾ ಕೋಷ್ಟಕದಲ್ಲಿ ವೃತ್ತದ ತ್ರಿಜ್ಯ 3438. ವಿಚಿತ್ರ ಸಂಖ್ಯೆ ಅನ್ನಿಸುತ್ತದೆ ಅಲ್ವಾ? ಒಂದು ಡಿಗ್ರಿಯ ಅರವತ್ತನೇ ಒಂದು ಭಾಗಕ್ಕೆ ಕಲೆ ಅನ್ನುತ್ತಾರೆ. ಪೂರ್ತಿ ಸುತ್ತಿಗೆ 360 ಗುಣಿಲೆ 60, ಅಂದರೆ 21,600 ಕಲೆಗಳು. ಕಮಾನಿನ ಮೇಲೆ ಒಂದು ಕಲೆಗೆ ಒಂದು ಅಳತೆ ಬರಬೇಕಾದರೆ ತ್ರಿಜ್ಯ ಅಷ್ಟೇ ಇರಬೇಕು. ನಾವು ಪ್ಲೈವುಡ್ಡಿನಲ್ಲಿ ಒಂದು ಡಿಗ್ರಿಗೆ 5 ಮಿಲಿಮೀಟರ್ ಹುಡುಕಿದ ಹಾಗೆಯೇ. ಜ್ಯಾ ಅಂದರೆ ಬಿಲ್ಲಿನ ಹೆದೆ. ಅದೇ ಪದ ಜೀವಾ ಆಗಿ, ಅರಬ್ಬಿಗೆ ಹೋಗಿ ಬೇರೆ ಪದದ ಹಾಗೆ ಓದಿಸಿಕೊಂಡು, ಆ ಪದದ ಅರ್ಥ ಲ್ಯಾಟಿನ್‌ಗೆ ಇಳಿದು, ಸೈನ್ ಆಗಿ ನಮ್ಮ ಶಾಲೆಗೆ ವಾಪಸ್ ಬಂದಿದೆ. ಮಗಳಿಗೆ ಇದನ್ನು ಹೇಳಿದಾಗ ಅವಳು ಹಲಗೆಯನ್ನು ಬಿಲ್ಲಿನ ಹಾಗೆ ಅಡ್ಡ ಹಿಡಿದು ಒಂದು ಕ್ಷಣ ನೋಡುತ್ತ ನಿಂತಳು.

ಹಲಗೆಯ ಮೂಲೆ ಸರಿಯಾಗಿ 90 ಡಿಗ್ರಿ ಇರಲೇಬೇಕು. ಗಾರೆಯವರ ಮೂಲೆಮಟ್ಟ ಇರಲಿಲ್ಲ. ಒಂದು ಅಂಚಿನಲ್ಲಿ 30, ಇನ್ನೊಂದರಲ್ಲಿ 40 ಸೆಂಟಿಮೀಟರ್ ಗುರುತು ಮಾಡಿ, ಅಡ್ಡ ಅಳತೆ 50 ಬರುವವರೆಗೆ ಗೆರೆ ತಿದ್ದಿದೆವು. ಅಂಚಿಗೆ 40 ಸೆಂಟಿಮೀಟರ್ ಉದ್ದದ ಅರ್ಧ ಇಂಚಿನ ಪಿವಿಸಿ ಪೈಪು ಕಟ್ಟಿ, ಅದರ ಮುಂದಿನ ಬಾಯಿಗೆ ಎರಡು ನೂಲು ಅಡ್ಡಡ್ಡ ಅಂಟಿಸಿದ್ದು ಗುರಿ ಹಿಡಿಯುವುದಕ್ಕೆ. ಮೂಲೆಯಿಂದ ದಾರ, ದಾರಕ್ಕೆ ಹಿತ್ತಾಳೆಯ ಗುಂಡು. ದಿಕ್ಸೂಚಿ ಪಕ್ಕದಲ್ಲೇ ಕೂರುವುದರಿಂದ ಕಬ್ಬಿಣದ ಮೊಳೆ ಹಾಕಬಾರದು ಅಂತ ಅಷ್ಟು ಎಚ್ಚರ ಇತ್ತು, ಸ್ಕ್ರೂಗಳೂ ಹಿತ್ತಾಳೆಯವೇ. ಈ ಎಚ್ಚರ ಸಾಲಲಿಲ್ಲ ಅನ್ನುವುದು ಆಮೇಲಿನ ಕಥೆ.

ಸೊನ್ನೆ ಎಲ್ಲಿ ಬರಬೇಕು ಅಂತ ಮೊದಲೇ ಯೋಚಿಸಿ. ಪೈಪು ನಿಂತ ನೀರಿನ ಮಟ್ಟದ ಹಾಗೆ ಅಡ್ಡಕ್ಕೆ ಸಮ ಇದ್ದಾಗ ದಾರ ಬೀಳುವ ಜಾಗವೇ ಸೊನ್ನೆ. ಪೈಪನ್ನು 12 ಡಿಗ್ರಿ ಎತ್ತಿದರೆ ಹಲಗೆಯೂ 12 ಡಿಗ್ರಿ ತಿರುಗುತ್ತದೆ, ದಾರ ಮಾತ್ರ ನೆಟ್ಟಗೇ ಇರುತ್ತದೆ. ಆದ್ದರಿಂದ ದಾರ 12ರ ಮೇಲೆ ಬರುತ್ತದೆ. ಶಾಲೆಯ ಕೋನಮಾಪಕಕ್ಕೆ ದಾರ ಕಟ್ಟಿದವರು ಇಲ್ಲೇ ಎಡವುತ್ತಾರೆ, 12ರ ಬದಲು 78 ಓದಿ ಅದನ್ನೇ ಲೆಕ್ಕಕ್ಕೆ ಹಾಕುತ್ತಾರೆ. ಗಾಳಿಗೆ ಗುಂಡು ತೂಗಾಡುವುದು ಇನ್ನೊಂದು ತಾಪತ್ರಯ. ಅರ್ಧಕ್ಕೆ ಕತ್ತರಿಸಿದ ಬಾಟಲಿಯಲ್ಲಿ ನೀರು ಹಾಕಿ, ಗುಂಡು ಅದರಲ್ಲಿ ಮುಳುಗುವ ಹಾಗೆ ಹಿಡಿದರೆ ಎರಡು ಸೆಕೆಂಡಿನಲ್ಲಿ ನಿಲ್ಲುತ್ತದೆ.

ಮೂರು ಅಡಿಕೆ ದಬ್ಬೆ ಕಟ್ಟಿ ಸ್ಟ್ಯಾಂಡ್ ಆಯಿತು, ಎತ್ತರ 1.3 ಮೀಟರ್. ಎದುರಿನ ಗೂಟದಲ್ಲಿ ಹಿಡಿಯುವ ಕೋಲಿಗೂ ಸರಿಯಾಗಿ 1.3 ಮೀಟರ್ ಎತ್ತರದಲ್ಲಿ ಕೆಂಪು ಬಟ್ಟೆ. ಎರಡೂ ಒಂದೇ ಎತ್ತರ ಇದ್ದರೆ ನಮ್ಮ ನೋಟದ ಗೆರೆ ನೆಲದ ಏರಿಗೆ ಸಮಾಂತರವಾಗಿ ಹೋಗುತ್ತದೆ, ಕೂಡಿಸಿ ಕಳೆಯುವ ರಗಳೆ ಇರುವುದಿಲ್ಲ.

ಮೊದಲ ದಿನ ಪಕ್ಕದ ಮನೆಯ ಅಣ್ಣನೂ ಬಂದರು. ಅವರು ಹಿಂದಿನ ಗೂಟದಲ್ಲಿ ಟೇಪಿನ ಸೊನ್ನೆ ಹಿಡಿಯುವುದು, ಮಗಳು ಅಲ್ಲೇ ದಿಕ್ಸೂಚಿ, ಹಲಗೆ ಓದಿ ಬರೆದುಕೊಳ್ಳುವುದು, ನಾನು ಕೋಲು ಹಿಡಿದು ಮುಂದೆ ಹೋಗುವುದು. ಒಂದು ಮುಖ್ಯ ವಿಷಯ: ಏರಿನ ಕೋನವನ್ನು ಎರಡೂ ಕಡೆಯಿಂದ ಓದಿ. ತೊಟ್ಟಿಯಿಂದ ಒಂದನೇ ಗೂಟಕ್ಕೆ ಮೇಲ್ಮುಖ 12.5 ಬಂತು. ಗೂಟದಿಂದ ತೊಟ್ಟಿಗೆ ಕೆಳಮುಖ 11.5. ಎರಡೂ ಒಂದೇ ಇಳಿಜಾರು, ಒಂದೇ ಕೋನ ಬರಬೇಕಿತ್ತು. ಅಂದರೆ ನಮ್ಮ ಹಲಗೆಯೇ ಅರ್ಧ ಡಿಗ್ರಿ ಜಾಸ್ತಿ ತೋರಿಸುತ್ತಿದೆ. ಸರಾಸರಿ 12, ಅದೇ ಸರಿ. ಎರಡು ಕಡೆಯಿಂದ ಓದಿದರೆ ಹಲಗೆಯ ದೋಷ ತಾನಾಗಿಯೇ ಹೊಡೆದುಹೋಗುತ್ತದೆ. ಆದರೆ ದಿಕ್ಸೂಚಿಯನ್ನು ನಾವು ಒಂದೇ ಕಡೆಯಿಂದ ಓದಿದೆವು. ಕೊಂಡು ತಂದ ಸಾಮಾನು, ಅದು ಸರಿಯೇ ಇರುತ್ತದೆ ಅನ್ನುವ ನಂಬಿಕೆ.

ತಿದ್ದಿದ ಮೇಲೆ ನೋಟ್‌ಬುಕ್ಕಿನಲ್ಲಿ ಉಳಿದ ಅಳತೆ ಇಷ್ಟು. ದಿಕ್ಕನ್ನು ಉತ್ತರದಿಂದ ಬಲಕ್ಕೆ ಎಣಿಸಿದ್ದು.

ತೊಟ್ಟಿಯಿಂದ ಒಂದನೇ ಗೂಟ: 28 ಮೀ., ಏರು 12°, ದಿಕ್ಕು 30°
ಒಂದರಿಂದ ಎರಡು: 24 ಮೀ., ಏರು 18°, ದಿಕ್ಕು 75°
ಎರಡರಿಂದ ಮೂರು: 29 ಮೀ., ಏರು 5°, ದಿಕ್ಕು 130°
ಮೂರರಿಂದ ಅಬ್ಬಿ: 22 ಮೀ., ಏರು 20°, ದಿಕ್ಕು 35°

ಒಟ್ಟು 103 ಮೀಟರ್. ಇದು ಹಳೆ ಪೈಪಿನ ದಾರಿ.

ಲೆಕ್ಕ ಎರಡು ಹಂತ. ಮೊದಲ ತುಂಡನ್ನೇ ನೋಡಿ. ಟೇಪು ಅಳೆದಿದ್ದು ಇಳಿಜಾರಿನ ಮೇಲಿನ 28 ಮೀಟರ್. ಗೋಡೆಗೆ ಒರಗಿಸಿದ ಏಣಿ ಇದ್ದ ಹಾಗೆ ಅದು, ತ್ರಿಕೋನದ ವಿಕರ್ಣ. ಏಣಿಯ ತುದಿ ಎಷ್ಟು ಎತ್ತರದಲ್ಲಿದೆ ಅನ್ನುವುದಕ್ಕೆ ಸೈನ್, ಬುಡ ಗೋಡೆಯಿಂದ ಎಷ್ಟು ದೂರ ಅನ್ನುವುದಕ್ಕೆ ಕಾಸ್. ಎತ್ತರ: 28 × ಸೈನ್ 12° = 28 × 0.2079 = 5.82 ಮೀಟರ್. ಸಮತಟ್ಟಿನಲ್ಲಿ ನೆಲದ ದೂರ: 28 × ಕಾಸ್ 12° = 28 × 0.9781 = 27.39 ಮೀಟರ್.

ಎರಡನೇ ಹಂತ, ಈ 27.39 ಮೀಟರನ್ನು ಪೂರ್ವ, ಉತ್ತರ ಅಂತ ಒಡೆಯುವುದು. ಇಲ್ಲಿ ಒಂದು ಗೊಂದಲ ಬಂತು. ಪುಸ್ತಕದಲ್ಲಿ ಕೋನ ಎಕ್ಸ್ ಅಕ್ಷದಿಂದ ಶುರುವಾಗುತ್ತದೆ, ಅದಕ್ಕೇ ಎಕ್ಸ್‌ಗೆ ಕಾಸ್, ವೈಗೆ ಸೈನ್. ದಿಕ್ಸೂಚಿ ಎಣಿಸುವುದು ಉತ್ತರದಿಂದ, ಅಂದರೆ ವೈ ಅಕ್ಷದಿಂದ. ಆದ್ದರಿಂದ ಉಲ್ಟಾ: ಪೂರ್ವಕ್ಕೆ ಸೈನ್, ಉತ್ತರಕ್ಕೆ ಕಾಸ್. ಮಗಳು ಮೊದಲು ಪುಸ್ತಕದ ಅಭ್ಯಾಸದಲ್ಲೇ ಎಲ್ಲ ತುಂಡಿಗೂ ಹಾಕಿದ್ದಳು. ಗ್ರಾಫ್ ಹಾಳೆಯಲ್ಲಿ ಗುರುತು ಮಾಡಿ ನೋಡಿದರೆ ಗುಡ್ಡ ಕನ್ನಡಿಯಲ್ಲಿ ಕಂಡ ಹಾಗೆ ತಿರುವುಮುರುವು. ಆದರೆ ಎರಡು ಗೂಟಗಳ ಮಧ್ಯದ ದೂರ ಮಾತ್ರ ಒಂದು ಸೆಂಟಿಮೀಟರೂ ಬದಲಾಗಿರಲಿಲ್ಲ! ದೂರ ಸೂತ್ರ ಅಂದರೆ ಎರಡೂ ಅಕ್ಷದ ವ್ಯತ್ಯಾಸವನ್ನು ವರ್ಗ ಮಾಡಿ, ಕೂಡಿಸಿ, ವರ್ಗಮೂಲ ತೆಗೆಯುವುದು. ಎಕ್ಸ್, ವೈ ಅದಲುಬದಲಾದರೂ ವರ್ಗ ಮಾಡಿ ಕೂಡಿಸುವಾಗ ಮೊತ್ತ ಒಂದೇ ತಾನೇ. ಪೈಪಿನ ಉದ್ದ ಮಾತ್ರ ಬೇಕಿದ್ದರೆ ಅದೇ ಸಾಕಿತ್ತು. ನಮಗೆ ದಿಕ್ಕೂ ಬೇಕಿತ್ತು, ತಿದ್ದಿಕೊಂಡೆವು.

27.39 × ಸೈನ್ 30° = 13.69 ಪೂರ್ವ. 27.39 × ಕಾಸ್ 30° = 23.72 ಉತ್ತರ. ಒಂದನೇ ಗೂಟ ಸಿಕ್ಕಿತು: (13.69, 23.72), ಎತ್ತರ 5.82.

ಮೂರನೇ ತುಂಡಿನಲ್ಲಿ ದಿಕ್ಕು 130°. ಹತ್ತನೇ ಕ್ಲಾಸಿನಲ್ಲಿ 90 ದಾಟಿದ ಕೋನದ ಲೆಕ್ಕ ಮಾಡಿಸುವುದಿಲ್ಲ. ಚಿತ್ರ ಬರೆದರೆ ಹೆದರಿಕೆ ಇಲ್ಲ: 130 ಅಂದರೆ ನೇರ ಪೂರ್ವದಿಂದ ಇನ್ನೂ 40 ಡಿಗ್ರಿ ದಕ್ಷಿಣಕ್ಕೆ ವಾಲಿದ್ದು. ನೆಲದ ದೂರ 28.89. ಪೂರ್ವಕ್ಕೆ 28.89 × ಕಾಸ್ 40° = 22.13. ದಕ್ಷಿಣಕ್ಕೆ 28.89 × ಸೈನ್ 40° = 18.57, ದಕ್ಷಿಣ ಆದ್ದರಿಂದ ಮೈನಸ್. ಎತ್ತರ 2.53. ಋಣ ಸಂಖ್ಯೆ ಅಂದರೆ ಹಿಂದಕ್ಕೆ ನಡೆದದ್ದು, ಅಷ್ಟೇ. ಉಳಿದ ಎರಡು ತುಂಡು: ಎರಡನೆಯದು ಪೂರ್ವ 22.05, ಉತ್ತರ 5.91, ಎತ್ತರ 7.42. ನಾಲ್ಕನೆಯದು 11.86, 16.93, 7.52.

ಎಲ್ಲ ಕೂಡಿಸಿದರೆ ಅಬ್ಬಿ ಇರುವುದು (69.73, 27.99)ರಲ್ಲಿ, ತೊಟ್ಟಿಗಿಂತ 23.29 ಮೀಟರ್ ಮೇಲೆ.

ಬರೆಯುವಾಗ ಸಲೀಸಾಗಿ ಬಂತು. ಮೊದಲ ದಿನ ಹೀಗೆ ಬಂದಿರಲಿಲ್ಲ.

ಅಳತೆ ಸರಿಯೋ ತಪ್ಪೋ ಗೊತ್ತಾಗುವುದಕ್ಕೆ ಒಂದೇ ದಾರಿ, ಹೊರಟ ಜಾಗಕ್ಕೇ ಬೇರೆ ದಾರಿಯಲ್ಲಿ ಅಳೆಯುತ್ತ ವಾಪಸ್ ಬರುವುದು. ಅಬ್ಬಿಯಿಂದ ಇಳಿದು, ಸಂಕ ದಾಟಿ, ತೋಟದ ಅಂಚಿನಲ್ಲಿ ನಾಲ್ಕು ತುಂಡು ಅಳೆದು ತೊಟ್ಟಿಗೆ ಬಂದೆವು. ಕಾಲಿನಲ್ಲಿ ನಾವು ತೊಟ್ಟಿಯ ಹತ್ತಿರವೇ ನಿಂತಿದ್ದೇವೆ. ಲೆಕ್ಕ ಕೂಡ (0, 0) ಅನ್ನಬೇಕು. ಅದು ಅಂದಿದ್ದು ಪೂರ್ವಕ್ಕೆ 1.3, ದಕ್ಷಿಣಕ್ಕೆ 4.7. ದೂರ ಸೂತ್ರ ಹಾಕಿದರೆ √(1.69 + 22.09), ಸುಮಾರು 4.9 ಮೀಟರ್. ಕೊಟ್ಟಿಗೆಯ ಒಳಗೇ ಹೋಗಿ ನಿಂತ ಹಾಗಾಯಿತು.

200 ಮೀಟರ್ ಸುತ್ತಿಗೆ 5 ಮೀಟರ್ ತಪ್ಪು ಅಂದರೆ ಕೈತಪ್ಪಲ್ಲ, ಎಲ್ಲೋ ಒಂದು ಕಡೆ ದೊಡ್ಡದಾಗಿಯೇ ಹೋಗಿದೆ. ಎಂಟು ತುಂಡಿನಲ್ಲಿ ಯಾವುದು? ಪೂರ್ತಿ ಮತ್ತೆ ಅಳೆಯುವ ಮೊದಲು ಸ್ವಲ್ಪ ಕೂತು ಯೋಚಿಸಿದ್ದಕ್ಕೆ ಫಲ ಸಿಕ್ಕಿತು. ಉದ್ದ ತಪ್ಪಿದ್ದರೆ ತುದಿ ಆ ತುಂಡಿನ ನೇರದಲ್ಲೇ ಹಿಂದೆ-ಮುಂದೆ ಸರಿಯುತ್ತದೆ. ದಿಕ್ಕು ತಪ್ಪಿದ್ದರೆ ತುದಿ ಅಡ್ಡಕ್ಕೆ ಸರಿಯುತ್ತದೆ, ಬಾಗಿಲು ತಿರುಗಿದ ಹಾಗೆ. ನಮ್ಮ ತಪ್ಪು ಹೆಚ್ಚುಕಡಿಮೆ ಪೂರ್ತಿ ಉತ್ತರ-ದಕ್ಷಿಣ. ಅದಕ್ಕೆ ಅಡ್ಡ ಇರುವುದು ಪೂರ್ವ-ಪಶ್ಚಿಮ ಹೋಗುವ ತುಂಡು. ಪಟ್ಟಿಯಲ್ಲಿ ಅಂಥವು ಎರಡೇ ಜಾಗ: ಒಂದರಿಂದ ಎರಡನೇ ಗೂಟ, ಮತ್ತು ವಾಪಸ್ ಬರುವಾಗಿನ ಕೊನೆಯ ಭಾಗ. ಕೊನೆಯದನ್ನು ತೊಟ್ಟಿ ಕಡೆಯಿಂದ ತಿರುಗಿಸಿ ಓದಿದರೆ ಸರಿಯಾಗಿ 180 ಡಿಗ್ರಿ ವ್ಯತ್ಯಾಸ ಬಂತು. ಅದು ಸರಿ ಇದೆ. ಹಾಗಾದರೆ ಎರಡನೇ ತುಂಡೇ.

ಮರುದಿನ ಬೆಳಿಗ್ಗೆ ಮತ್ತೆ ಹತ್ತಿದೆವು. ಮೊದಲ ದಿನ ಬರೆದದ್ದು 88°. ಎರಡನೇ ಗೂಟದಿಂದ ಹಿಂದಕ್ಕೆ ಓದಿದರೆ 255 ಬಂತು. 180 ಕಳೆದರೆ 75. ಹದಿಮೂರು ಡಿಗ್ರಿ ಅಂತರ! ಒಂದನೇ ಗೂಟಕ್ಕೆ ಇಳಿದು ಮಗಳು ಮತ್ತೆ ಸ್ಟ್ಯಾಂಡ್ ನಿಲ್ಲಿಸಿ ಓದಿದಳು. 75. ನಿನ್ನೆ ನೀನೇ 88 ಓದಿದ್ದಲ್ವಾ ಅಂದರೆ, ಹೌದು, ಎರಡು ಸಲ ನೋಡಿ ಬರೆದೆ ಅನ್ನುತ್ತಾಳೆ.

ಅಷ್ಟು ಹೊತ್ತಿಗೆ ಪಕ್ಕದ ಮನೆಯ ಅಣ್ಣ ಕೆಳಗಿನಿಂದ ಬಂದರು. "ಎಂತ ಆತು ತಂಗಿ?" ಅಂತ ಕೇಳಿ, ನಿನ್ನೆಯ ಹಾಗೇ ಟೇಪು ಹಿಡಿದು ನಿಂತರು. ಆ ಗೂಟ ಇರುವುದು ದರೆಯ ಅಂಚಿನಲ್ಲಿ, ಇಬ್ಬರು ನಿಲ್ಲಲು ಜಾಗ ಸಾಲದು. ಅವರು ಸ್ಟ್ಯಾಂಡಿಗೆ ಬೆನ್ನು ಮಾಡಿ ಒತ್ತಿಕೊಂಡು ನಿಂತರು. ದಿಕ್ಸೂಚಿಯ ಮುಳ್ಳು ಮೆಲ್ಲಗೆ ತಿರುಗತೊಡಗಿತು. ಎಣ್ಣೆಯೊಳಗೆ, ಅವಸರವಿಲ್ಲದೆ, ನಿದ್ದೆಯಿಂದ ಎದ್ದವರು ಮುಖ ತಿರುಗಿಸಿದ ಹಾಗೆ. 78, 82, 86, ಅಲ್ಲಿ ನಿಂತಿತು. ಮಗಳು ನನ್ನ ಮುಖ ನೋಡಿದಳು. ಅಣ್ಣನ ಸೊಂಟದ ಹಿಂದೆ ಕತ್ತಿಕೊಕ್ಕೆ, ಅದರಲ್ಲಿ ಕತ್ತಿ. ದಿಕ್ಸೂಚಿಗೂ ಕತ್ತಿಗೂ ಒಂದು ಗೇಣು ಅಂತರ ಇರಲಿಲ್ಲ.

ಅವರು ಕತ್ತಿ ಬಿಚ್ಚಿ ಹತ್ತು ಹೆಜ್ಜೆ ಆಚೆ ಕಲ್ಲಿನ ಮೇಲೆ ಇಟ್ಟು ಬಂದರು. ಮುಳ್ಳು ವಾಪಸ್ 75ಕ್ಕೆ ಬಂತು. ಅಣ್ಣನಿಗೂ ಕುತೂಹಲ ಹತ್ತಿ ಮತ್ತೆ ಕತ್ತಿ ತಂದು ಹತ್ತಿರ, ದೂರ ಮಾಡಿ ನೋಡಿದರು. ಎರಡು ಮಾರು ದೂರ ಇದ್ದರೆ ಏನೂ ಆಗುವುದಿಲ್ಲ. ಉಳಿದ ಗೂಟಗಳಲ್ಲಿ ಜಾಗ ಇತ್ತು, ಅವರು ದೂರ ನಿಂತಿದ್ದರು. ಅದಕ್ಕೇ ಅವು ಸರಿ ಬಂದಿದ್ದವು. ಹಲಗೆಗೆ ಹುಡುಕಿ ಹುಡುಕಿ ಹಿತ್ತಾಳೆ ಸ್ಕ್ರೂ ಹಾಕಿದ್ದೆವು, ಮನುಷ್ಯರ ಮೈಮೇಲಿನ ಕಬ್ಬಿಣ ಕಣ್ಣಿಗೆ ಬಿದ್ದಿರಲಿಲ್ಲ. ದಿಕ್ಸೂಚಿ ಹಿಡಿಯುವವರು ಕತ್ತಿ, ಬೀಗದ ಕೈ ಗೊಂಚಲು, ಫೋನು ಎಲ್ಲ ದೂರ ಇಡಬೇಕು. ಪ್ರತಿ ತುಂಡನ್ನೂ ಎರಡು ತುದಿಯಿಂದ ಓದಬೇಕು.

ಆ ದಿನ ಎಲ್ಲ ದಿಕ್ಕನ್ನೂ ಎರಡು ಕಡೆಯಿಂದ ಓದಿ ಲೆಕ್ಕ ಹಾಕಿದೆವು. ಸುತ್ತಿ ಬಂದಾಗ ಪೂರ್ವಕ್ಕೆ 0.5, ಉತ್ತರಕ್ಕೆ 0.4. ದೂರ √0.41, ಅಂದರೆ 64 ಸೆಂಟಿಮೀಟರ್. ಪ್ಲೈವುಡ್ ಹಲಗೆ, ದಾರ, ದಬ್ಬೆಯಲ್ಲಿ ಕಾಡಿನೊಳಗೆ 200 ಮೀಟರ್ ಸುತ್ತಿ ಅಷ್ಟರೊಳಗೆ ಬಂದದ್ದು ನನಗೆ ತುಂಬ ಖುಷಿ ಕೊಟ್ಟಿತು. 1802ರಲ್ಲಿ ಬ್ರಿಟಿಷ್ ಸರ್ವೆ ಅಧಿಕಾರಿ ಲ್ಯಾಂಬ್ಟನ್ ಮದ್ರಾಸಿನಲ್ಲಿ ಭಾರತವನ್ನು ಅಳೆಯುವ ದೊಡ್ಡ ಸರ್ವೆಯ ಮೊದಲ ಗೆರೆ ಅಳೆಯುವಾಗ 100 ಅಡಿಯ ಉಕ್ಕಿನ ಸರಪಳಿ ಬಿಸಿಲಿಗೆ ಎಷ್ಟು ಹಿಗ್ಗಿತು ಅಂತ ಥರ್ಮಾಮೀಟರ್ ಇಟ್ಟು ಬರೆದುಕೊಳ್ಳುತ್ತಿದ್ದರಂತೆ. ಆ ಹಟ ಯಾಕೆ ಅಂತ ಈಗ ಅರ್ಥ ಆಗುತ್ತದೆ.

ಅಂದಹಾಗೆ, ದಿಕ್ಸೂಚಿಯ ಉತ್ತರವೂ ಭೂಮಿಯ ನಿಜವಾದ ಉತ್ತರವೂ ಒಂದೇ ಅಲ್ಲ. ಈ ಕೆಲಸಕ್ಕೆ ಅದರಿಂದ ತೊಂದರೆ ಇಲ್ಲ. ಎಲ್ಲ ಗೂಟದಲ್ಲೂ ಅದೇ ಉತ್ತರ ಇದ್ದರೆ ಸಾಕು, ನಕ್ಷೆ ಪೂರ್ತಿ ಸ್ವಲ್ಪ ತಿರುಗಿರುತ್ತದೆ, ದೂರಗಳು ಹಾಗೇ ಇರುತ್ತವೆ.

ಈಗ ಅಸಲು ಪ್ರಶ್ನೆ. ತೊಟ್ಟಿಯಿಂದ ಅಬ್ಬಿಗೆ ಪೂರ್ತಿ ನೇರ ಗೆರೆ ಎಳೆದರೆ? ದೂರ ಸೂತ್ರಕ್ಕೆ ಎತ್ತರವನ್ನೂ ಸೇರಿಸಬೇಕು, ಅದು ಮೂರನೇ ಅಕ್ಷ, ಸೂತ್ರದಲ್ಲಿ ಇನ್ನೊಂದು ವರ್ಗ ಹೆಚ್ಚು ಬರುತ್ತದೆ ಅಷ್ಟೇ: √(69.7² + 28² + 23.3²), ಅಂದರೆ 78.6 ಮೀಟರ್. 103ಕ್ಕೆ ಹೋಲಿಸಿದರೆ ಆಸೆ ಆಗುತ್ತದೆ. ಆದರೆ ಆ ಗೆರೆಯ ನಡುವೆ ಕೊರಕಲು ಇದೆ, ಜುಲೈನಲ್ಲಿ ಅಲ್ಲಿ ನೀರು ಕಲ್ಲು ಉರುಳಿಸಿಕೊಂಡು ಬರುತ್ತದೆ. ಪೈಪು ಒಂದು ಮಳೆಗಾಲ ಉಳಿಯುವುದಿಲ್ಲ. ಹಳಬರು ಮೊದಲ ಎರಡು ತುಂಡನ್ನು ಬಳಸಿ ತಂದದ್ದು ಅದಕ್ಕೇ, ಅದನ್ನು ಮುಟ್ಟಲಿಲ್ಲ.

ಬಿದಿರಿನ ಸುತ್ತು ಮಾತ್ರ ಬೇಡ. ಎರಡನೇ ಗೂಟ (35.74, 29.63), ಅಬ್ಬಿ (69.73, 27.99). ಪೂರ್ವಕ್ಕೆ 33.99, ದಕ್ಷಿಣಕ್ಕೆ 1.64, ಮೇಲಕ್ಕೆ 10.05. ವರ್ಗಗಳು 1155.3, 2.7, 101. ಕೂಡಿಸಿದರೆ 1259, ವರ್ಗಮೂಲ 35.5 ಮೀಟರ್. ಹಳೆ ದಾರಿಯಲ್ಲಿ ಇದೇ ಭಾಗ 29 + 22 = 51 ಮೀಟರ್. ಹದಿನೈದೂವರೆ ಮೀಟರ್ ಉಳಿತಾಯ.

ದಿಕ್ಕಿಗೆ ಟ್ಯಾನ್, ಅಂದರೆ ಕೋನದ ಎದುರಿನ ಬಾಹುವನ್ನು ಪಕ್ಕದ ಬಾಹುವಿನಿಂದ ಭಾಗಿಸಿದ್ದು. 1.64 ÷ 33.99 = 0.048, ಕೋನ 2.8 ಡಿಗ್ರಿಯ ಹತ್ತಿರ. ಅಂದರೆ ನೇರ ಪೂರ್ವಕ್ಕಿಂತ ಅಷ್ಟು ದಕ್ಷಿಣಕ್ಕೆ, ದಿಕ್ಸೂಚಿಯಲ್ಲಿ 93. ಏರಿಗೂ ಟ್ಯಾನ್, ಎತ್ತರವನ್ನು ನೆಲದ ದೂರದಿಂದ ಭಾಗಿಸಿದರೆ: 10.05 ÷ 34.03 = 0.295, ಸುಮಾರು ಹದಿನಾರೂವರೆ ಡಿಗ್ರಿ.

ಎರಡನೇ ಗೂಟದಲ್ಲಿ ದಿಕ್ಸೂಚಿ ಇಟ್ಟು 93ಕ್ಕೆ ಹಗ್ಗ ಹಿಡಿದು ಸವರುತ್ತ ಹೋದೆವು. ಸವರಲು ಕತ್ತಿ ಬೇಕೇ ಬೇಕು, ಆದ್ದರಿಂದ ದಿಕ್ಕು ನೋಡುವಾಗೆಲ್ಲ ಕತ್ತಿಯವರು ಮುಂದೆ, ದಿಕ್ಸೂಚಿಯವಳು ಹಿಂದೆ. ಲಂಟಾನ ಮುಳ್ಳು, ಸತ್ತ ಬಿದಿರಿನ ಬುಡ, ಎರಡು ಗಂಟೆ ಹಿಡಿಯಿತು. ಎದುರು ಏನೂ ಕಾಣುವುದಿಲ್ಲ, ಹಾಳೆಯ ಮೇಲಿನ ಒಂದು ಸಂಖ್ಯೆಯನ್ನು ನಂಬಿ ಹೋಗುವುದು. 30 ಮೀಟರ್ ದಾಟಿದ ಮೇಲೆ ನೀರಿನ ಸದ್ದು ಕೇಳಿತು. ಕೊನೆಯ ಪೊದೆ ಬಿದ್ದಾಗ ಕಟ್ಟೆಯ ಕಲ್ಲು ಕಂಡಿತು. ನಮ್ಮ ಹಗ್ಗದಿಂದ 70 ಸೆಂಟಿಮೀಟರ್ ಎಡಕ್ಕೆ. ಮಗಳು ಟೇಪು ಹಾಕಿ ಅಳೆದೇ ಬರೆದುಕೊಂಡಳು.

ಪೈಪು 28 + 24 + 35.5 = 87.5. ನೆಲದ ಉಬ್ಬುತಗ್ಗು, ತಿರುವಿಗೆ ನೂರಕ್ಕೆ ಐದು ಸೇರಿಸಿ 92 ಮೀಟರ್ ತಂದೆ. ಒಂದು ಇಂಚಿನ ಎಚ್‌ಡಿಪಿಇ, ಗಟ್ಟಿ ಪ್ಲಾಸ್ಟಿಕ್ಕಿನದು. ಯಾವ ದರ್ಜೆ ಅನ್ನುವುದನ್ನೂ ಅದೇ ಲೆಕ್ಕ ಹೇಳಿತು. 10 ಮೀಟರ್ ಎತ್ತರದ ನೀರು ಚದರ ಸೆಂಟಿಮೀಟರಿಗೆ 1 ಕೆಜಿ ಒತ್ತುತ್ತದೆ. 23.3 ಮೀಟರಿಗೆ 2.3 ಕೆಜಿ. ನಾಲ್ಕು ಕೆಜಿ ಒತ್ತಡ ತಡೆಯುವ ಪೈಪು ಸಾಕು. ಆದರೆ ಕೆಳಗೆ ನಲ್ಲಿಯನ್ನು ಪಟ್ಟನೆ ಮುಚ್ಚಿದರೆ ಒಂದು ಕ್ಷಣ ಒತ್ತಡ ಏರಿ ಪೈಪು ಹೊಡೆದುಕೊಳ್ಳುತ್ತದೆ. ದಪ್ಪವೂ ಇರಲಿ ಅಂತ ಆರು ಕೆಜಿಯದ್ದೇ ತಂದೆ.

ಹಳೆ ದಾರಿಯಲ್ಲಿ ಮೂರನೇ ಗೂಟದ ಹತ್ತಿರ ಒಂದು ಉಬ್ಬು ಇತ್ತು, ಅಲ್ಲಿ ಪೈಪಿಗೆ ಗಾಳಿ ಹಿಡಿದು ನೀರು ನಿಂತುಹೋಗುತ್ತಿತ್ತು. ಹೊಸ ದಾರಿಯಲ್ಲಿ ಪ್ರತಿ ಐದು ಮೀಟರಿಗೆ ಹಲಗೆ ಇಟ್ಟು ನೋಡಿ, ಎಲ್ಲೂ ಇಳಿದು ಏರದ ಹಾಗೆ ಚರಂಡಿ ತೆಗೆದೆವು. ಒಂದಡಿ ಆಳ, ಮೇಲೆ ಮಣ್ಣು. ಅಬ್ಬಿಯ ಬಾಯಿಗೆ ಜಾಳಿಗೆ. ಎಲ್ಲ ಮುಗಿದು ಎರಡೂವರೆ ಮೀಟರ್ ಪೈಪು ಉಳಿಯಿತು, ಅದನ್ನು ಬಚ್ಚಲಿಗೆ ಹಾಕಿಕೊಂಡೆವು.

ತೊಟ್ಟಿಯ ಹತ್ತಿರ ನಲ್ಲಿಗೆ ಒಂದು ಒತ್ತಡದ ಮೀಟರ್ ಕೂರಿಸಿದ್ದೆ, ಪ್ಲಂಬರ್ ಒಬ್ಬರ ಹತ್ತಿರ ಎರವಲು ತಂದದ್ದು. ಪೈಪು ತುಂಬಿ, ಗಾಳಿ ಎಲ್ಲ ಬುಸ್ ಅಂತ ಹೊರಗೆ ಹೋಗಿ, ನಲ್ಲಿ ಮುಚ್ಚಿದ ಮೇಲೆ ಮುಳ್ಳು ಮೆಲ್ಲಗೆ ಏರಿತು. ಟೇಪೂ ಅಲ್ಲ, ದಾರವೂ ಅಲ್ಲ, ಈಗ ಅಳೆಯುತ್ತಿರುವುದು ನೀರೇ. ಒಂದು ದಾಟಿತು, ಎರಡು ದಾಟಿತು, 2.3ರ ಗೆರೆಯ ಮೇಲೆ ನಿಂತಿತು. ಪಕ್ಕದ ಮನೆಯ ಅಣ್ಣ ಬಗ್ಗಿ ನೋಡಿ, "ತಂಗಿ ಲೆಕ್ಕ ಹಾಕಿದ್ದೂ ಅಷ್ಟೇ ಅಲ್ದನಾ?" ಅಂದರು.

ಗ್ರಾಫ್ ಹಾಳೆಗೆ ಪ್ಲಾಸ್ಟಿಕ್ ಹಾಕಿಸಿ ಕೊಟ್ಟಿಗೆ ಗೋಡೆಗೆ ಅಂಟಿಸಿದ್ದೇವೆ. ಗೂಟಗಳ ನಿರ್ದೇಶಾಂಕ, ಮಣ್ಣಿನೊಳಗಿನ ಎರಡು ಜೋಡಣೆಗಳ ಜಾಗ, 93 ಡಿಗ್ರಿಯ ಬಾಣ, ಎಲ್ಲ ಅದರಲ್ಲಿದೆ. ಮೂಲೆಯಲ್ಲಿ ಮಗಳು ಕೆಂಪು ಪೆನ್ನಿನಲ್ಲಿ ಒಂದು ಕತ್ತಿ ಬರೆದು, ಪಕ್ಕಕ್ಕೆ "ಎರಡು ಮಾರು ದೂರ" ಅಂತ ಬರೆದಿದ್ದಾಳೆ.